ಪರಿಹಾರ ಇಳಿಸಬೇಕೆಂದರೆ ಮೊದಲು ಲೆಕ್ಕ ತೋರಿಸು

ತಮ್ಮಾ, ಚೆಕ್ ಬೌನ್ಸ್ ಕೇಸಿನಲ್ಲಿ ನಿನಗೆ ಶಿಕ್ಷೆಯಾಯಿತೆಂದು ಕೇಳಿದೆ. ದಂಡದ ಬಹುಪಾಲು ದೂರುದಾರನಿಗೆ ಪರಿಹಾರವಾಗಿ ಸಲ್ಲಬೇಕು, ತಪ್ಪಿದರೆ ಜೈಲು ಎಂದು ಆದೇಶವಂತೆ. ಅಷ್ಟು ದುಡ್ಡು ಎಲ್ಲಿಂದ ತರಲಿ ಎಂದು ಕಂಗೆಟ್ಟು ಕೂರಬೇಡ. ಮೊತ್ತ ಇಳಿಸಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ. ಆದರೆ ಅದು ತಲೆಮರೆಸಿಕೊಂಡವನಿಗೆ ಸಿಗುವುದಿಲ್ಲ.

ಮೊದಲು ಗಡುವು ನೋಡಿಕೋ. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಲು ಇರುವುದು 30 ದಿನ. ಜೊತೆಗೇ ಶಿಕ್ಷೆಯನ್ನು ಅಮಾನತಿನಲ್ಲಿಡುವಂತೆ ಅರ್ಜಿ ಕೊಡು. ಆಗ ಕೋರ್ಟು ದಂಡದ ಅಥವಾ ಪರಿಹಾರದ ಕನಿಷ್ಠ ಶೇ. 20ರಷ್ಟನ್ನು 60 ದಿನದೊಳಗೆ ಠೇವಣಿ ಇಡು ಎನ್ನಬಹುದು. ಅದನ್ನೂ ಹೊಂದಿಸಲಾಗದ ಕಷ್ಟ ನಿಜಕ್ಕೂ ಇದ್ದರೆ ಮುಚ್ಚುಮರೆಯಿಲ್ಲದೆ ಹೇಳು. ಅಪರೂಪದ ಪ್ರಕರಣಗಳಲ್ಲಿ ಕಾರಣ ಬರೆದು ವಿನಾಯಿತಿ ಕೊಡಬಹುದೆಂದು 2023ರ ಜಂಬೂ ಭಂಡಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಇನ್ನು ಎಷ್ಟು ಇಳಿದೀತು? ಇಲ್ಲಿ ಅತಿಯಾಸೆ ಬೇಡ. ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ ಹಾಕಲು ಕಾನೂನು ಬಿಡುತ್ತದೆ. ಚೆಕ್ಕಿನ ಮೊತ್ತ, ಅದರ ಮೇಲೆ ವರ್ಷಕ್ಕೆ ಶೇ. 9ರ ಸರಳ ಬಡ್ಡಿ, ಇಷ್ಟನ್ನು ನಷ್ಟದ ನ್ಯಾಯವಾದ ಅಳತೆಯೆಂದು 2011ರ ಆರ್. ವಿಜಯನ್ ತೀರ್ಪು ಹೇಳಿದೆ. ನಿನಗೆ ಹಾಕಿದ್ದು ಇದನ್ನು ಮೀರಿದ್ದರೆ, ಆ ಹೆಚ್ಚುವರಿಯನ್ನು ಪ್ರಶ್ನಿಸು. ಅಸಲೇ ಬೇಡ ಎನ್ನಲು ಹೋದರೆ ಇದ್ದ ನಂಬಿಕೆಯೂ ಹೋಗುತ್ತದೆ.

ಆಮೇಲೆ ಕಾಗದ ಜೋಡಿಸು. ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತೆಗೆಸಿ, ದೂರುದಾರನ ಖಾತೆಗೆ ಹಾಕಿದ ಪ್ರತಿ ಸಾಲಿನ ಕೆಳಗೂ ಗೆರೆ ಎಳೆ. ಎರಡು ಸಾವಿರ ಹಾಕಿದ್ದರೂ ಬಿಡಬೇಡ. ಕೆಳಗಿನ ಕೋರ್ಟಿನಲ್ಲಿ ಹಾಜರುಪಡಿಸದ ದಾಖಲೆಯಾದರೆ, ಅದನ್ನು ಪರಿಗಣಿಸುವಂತೆ ಬೇರೆ ಅರ್ಜಿಯೇ ಬೇಕು. ಸಂಬಳದ ಚೀಟಿ, ಪಹಣಿ, ಸಾಲದ ಕಂತು, ಮನೆಯವರ ಆಸ್ಪತ್ರೆ ಬಿಲ್ಲು ಎಲ್ಲವನ್ನೂ ಇಡು. ಪರಿಹಾರ ಕಟ್ಟುವವನ ಶಕ್ತಿಯನ್ನೂ ನೋಡಬೇಕು, ಕಂತಿನಲ್ಲಿ ಕಟ್ಟಲೂ ಬಿಡಬಹುದು ಎಂದು 1988ರಲ್ಲೇ ಹರಿಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಮೊತ್ತ ಇಳಿಯದಿದ್ದರೂ ಕಂತು ಸಿಕ್ಕರೆ ನಿನ್ನ ಸಂಸಾರ ಉಸಿರಾಡುತ್ತದೆ. ಆದರೆ ಆಸ್ತಿಯನ್ನು ಮೈದುನನ ಹೆಸರಿಗೆ ಮಾಡಿ ಬಡತನ ತೋರಿಸಬೇಡ. ಸಿಕ್ಕಿಬಿದ್ದರೆ ಯಾವ ನ್ಯಾಯಾಧೀಶರೂ ನಿನ್ನ ಮಾತು ಕೇಳುವುದಿಲ್ಲ.

‘ಆರು ತಿಂಗಳು ಒಳಗಿದ್ದು ಬಂದರೆ ಸಾಲ ಚುಕ್ತಾ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಜೈಲಿಗೆ ಹೋಗಿ ಬಂದರೂ ಪರಿಹಾರ ವಸೂಲು ಮಾಡಬಹುದು. 2017ರ ಕುಮಾರನ್ ತೀರ್ಪು ಅದನ್ನು ಖಚಿತಪಡಿಸಿದೆ.

ಎಲ್ಲಕ್ಕಿಂತ ಒಳ್ಳೆಯದು ರಾಜಿ. ಚೆಕ್ ಕೇಸನ್ನು ಅಪೀಲಿನ ಹಂತದಲ್ಲೂ ರಾಜಿ ಮಾಡಿಕೊಳ್ಳಬಹುದು, ಲೋಕ ಅದಾಲತ್ತಿಗೂ ಒಯ್ಯಬಹುದು. ಒಬ್ಬನೇ ದೂರುದಾರನ ಮನೆ ಬಾಗಿಲಿಗೆ ಹೋಗಿ ಜಗಳ ತೆಗೆಯಬೇಡ, ವಕೀಲರ ಮೂಲಕ ಮಾತಾಡು. ಒಪ್ಪಿದ್ದನ್ನು ಬರವಣಿಗೆಯಲ್ಲಿ ಕೋರ್ಟಿಗೆ ಸಲ್ಲಿಸು, ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡು. ಎದುರಿನವನೂ ತನ್ನ ಗಂಟು ಕಳೆದುಕೊಂಡು ವರ್ಷಗಟ್ಟಲೆ ಕೋರ್ಟಿಗೆ ಅಲೆದವನು ಎಂಬುದನ್ನು ಮರೆಯಬೇಡ.

ವಕೀಲರ ಫೀಸಿಗೆ ತೊಂದರೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗು, ಇಲ್ಲವೇ 15100ಕ್ಕೆ ಫೋನು ಮಾಡು. ನಾಳೆ ನಾಡಿದ್ದು ಎನ್ನಬೇಡ, ತೀರ್ಪಿನ ಪ್ರತಿ ಹಿಡಿದು ಇವತ್ತೇ ಹೊರಡು.