ಆಡಿಯೊ ಕೇಳಿದರೆ ಫೋನ್ ಕಳ್ಳರ ಪಾಲಾಗುತ್ತದೆಯೇ?

ಇಳಕಲ್‌ನ ಅಕ್ಕಾವರೇ,

ಗುರುತಿಲ್ಲದ ನಂಬರಿನಿಂದ ಸೀರೆ ಆರ್ಡರಿನ ಆಡಿಯೊ ಬಂದರೆ ತೆರೆಯಲು ಕೈ ನಡುಗುತ್ತದೆ ಎಂದು ಬರೆದಿದ್ದೀರಿ. ಹೆದರಿಕೆ ಪೂರಾ ಸುಳ್ಳಲ್ಲ, ಆದರೆ ಅಳತೆ ಮೀರಿದೆ.

ಆಡಿಯೊ ಫೈಲನ್ನು ದನಿಯಾಗಿಸಲು ಫೋನಿನೊಳಗೆ ಸಿದ್ಧ ಕೋಡ್ ಇರುತ್ತದೆ. ಆಪಲ್ ಅಂಥ ತನ್ನ ‘ಎಎಲ್‌ಎಸಿ’ ಕೋಡನ್ನು 2011ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಚಿಪ್ ತಯಾರಿಸುವ ಕ್ವಾಲ್ಕಾಮ್, ಮೀಡಿಯಾಟೆಕ್ ಅದನ್ನೇ ಬಳಸಿಕೊಂಡವು. ಆಪಲ್ ತನ್ನ ಪ್ರತಿಯನ್ನು ಆಗಾಗ ತಿದ್ದಿಕೊಂಡಿತು. ಹಂಚಿದ ಪ್ರತಿ ಮಾತ್ರ ದೋಷದೊಂದಿಗೆ ಹಾಗೇ ಉಳಿಯಿತು. ಬಣ್ಣ ಬಿಡುವ ನೂಲು ಒಂದೇ ಅಂಗಡಿಯಿಂದ ಊರಿನ ಮಗ್ಗಗಳಿಗೆಲ್ಲ ಹೋದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೇ? ಬೇಕಂತಲೇ ಕೆಡಿಸಿ ಕಳಿಸಿದ ಒಂದು ಫೈಲ್ ಸಾಕಿತ್ತು, ಫೋನ್ ಪರರ ವಶವಾಗಲು. ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಕಂಪನಿಯ ಸಂಶೋಧಕರು ಈ ದೋಷವನ್ನು ಪತ್ತೆಹಚ್ಚಿದರು; 2021ರ ಡಿಸೆಂಬರಿನಲ್ಲಿ ತಿದ್ದುಪಡಿ ಬಂತು. ಕೆಲವು ಸ್ಯಾಮ್‌ಸಂಗ್ ಫೋನುಗಳಲ್ಲಿ ಆಡಿಯೊ ತೆರೆಯದೆಯೂ ತೊಂದರೆಯಾಗಬಹುದಿದ್ದ ಇನ್ನೊಂದು ದೋಷ ಸರಿಹೋದದ್ದು 2024ರ ಡಿಸೆಂಬರಿನಲ್ಲಿ.

ಆದ್ದರಿಂದ ಆಡಿಯೊ ತೆರೆಯಬೇಕೋ ಬೇಡವೋ ಎಂಬ ಚಿಂತೆಗಿಂತ ಅಪ್‌ಡೇಟ್ ಮುಖ್ಯ. ಸೆಟ್ಟಿಂಗ್ಸ್‌ನಲ್ಲಿ ‘ಸೆಕ್ಯುರಿಟಿ ಅಪ್‌ಡೇಟ್’ ದಿನಾಂಕ ನೋಡಿ. ನಿಮ್ಮದು ಆರು ವರ್ಷದ ಹಳೆಯ ಫೋನ್ ಅಂದಿರಿ. ದಿನಾಂಕ 2021ರ ಡಿಸೆಂಬರಿಗಿಂತ (ಸ್ಯಾಮ್‌ಸಂಗ್ ಆದರೆ 2024ರ ಡಿಸೆಂಬರಿಗಿಂತ) ಹಿಂದಿನದಾಗಿದ್ದು ಹೊಸ ಅಪ್‌ಡೇಟ್ ಬರುತ್ತಿಲ್ಲವೆಂದರೆ, ಬ್ಯಾಂಕ್ ಮತ್ತು ಯುಪಿಐ ಅದರಲ್ಲಿ ಇಡಬೇಡಿ. ಮೆಮೊರಿ ಕಾರ್ಡ್ ಬದಲಿಸಿದರೆ ಸಾಕು ಎಂದ ರಿಪೇರಿಯವನ ಮಾತು ಬಿಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಣ ಹೋಗಿದೆ ಅನ್ನಿಸಿದರೆ ದೂರು ಕೊಡಲು ಬಾಗಲಕೋಟೆಗೆ ಬಸ್ ಹತ್ತುವ ಮೊದಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.