ಜಾಹೀರಾತಿಗೆ ಮುಂಚೆ ಸಿಗುವ ಉತ್ತರ

ಮಾದನಹಿಪ್ಪರಗಾದಿಂದ ಮಗನ ಬಗ್ಗೆ ಬರೆದ ಅಕ್ಕಾ, ಧಾರಾವಾಹಿಯ ಡಾಕ್ಟರು ಮಗುವನ್ನು ಒಮ್ಮೆ ನೋಡಿ 'ಆಟಿಸಂ' ಅಂದುಬಿಡುತ್ತಾರೆ. ಜಾಹೀರಾತು ಬರುವುದರೊಳಗೆ ಹೇಳಬೇಕಲ್ಲ! ನಿಜದಲ್ಲಿ ಅದನ್ನು ಖಚಿತಪಡಿಸುವ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಹೆಸರು ಹಿಡಿದು ಕರೆದರೆ ಮಗ ತಿರುಗುತ್ತಾನಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ, ಆಟದ ಕಾರನ್ನು ಓಡಿಸುತ್ತಾನಾ ಅಥವಾ ಅದರ ಗಾಲಿಯನ್ನಷ್ಟೇ ತಿರುಗಿಸುತ್ತಾ ಕೂಡುತ್ತಾನಾ ಎಂದು ಗಮನಿಸಿ, ನಿಮ್ಮನ್ನೂ ವಿವರವಾಗಿ ಕೇಳಿ ವೈದ್ಯರು ನಿರ್ಧರಿಸುತ್ತಾರೆ.

ಗಮನ ನಿಲ್ಲದ, ಅತಿ ಚಟುವಟಿಕೆಯ ಎಡಿಎಚ್‌ಡಿಯೂ ಒಂದೇ ನೋಟಕ್ಕೆ ತಿಳಿಯದು; ಹಾಗನ್ನಲು ಲಕ್ಷಣಗಳು ಕನಿಷ್ಠ 6 ತಿಂಗಳು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಟೀಚರ ದೂರೊಂದೇ ಸಾಲದು.

'ಲೆಕ್ಕದಲ್ಲಿ ಚುರುಕಿಲ್ಲ, ಹಾಗಾಗಿ ಆಟಿಸಂ ಇರಲಿಕ್ಕಿಲ್ಲ' ಎಂದು ಬರೆದಿದ್ದೀರಿ. ಆಟಿಸಂ ಇದ್ದವರೆಲ್ಲ ಲೆಕ್ಕದಲ್ಲಿ ಮೇಧಾವಿಗಳು ಎಂಬುದು 1988ರ 'ರೇನ್ ಮ್ಯಾನ್' ಸಿನಿಮಾ ಹಬ್ಬಿಸಿದ ಭ್ರಮೆ. ಅಂಥ ಪ್ರತಿಭೆ ಬಹುತೇಕರಲ್ಲಿ ಇರುವುದಿಲ್ಲ.

ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಮಗನನ್ನು ತೋರಿಸಿ, ಕಲಬುರಗಿಯ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ವೈದ್ಯರಿಗೆ ತೋರಿಸಲು ಮಗ ಆಡುವ ವಿಡಿಯೊ ಮೊಬೈಲಿನಲ್ಲಿರಲಿ.