ಸಂಘದ ಹಳೆಯ ಕಂಪ್ಯೂಟರಿಗೆ ಮುಕ್ತ ತಂತ್ರಾಂಶ



ಹಾಲಿನ ಲೆಕ್ಕ, ಸಾಲದ ಲೆಕ್ಕ, ಪಹಣಿ, ಬೆಳೆ ವಿಮೆಯ ಅರ್ಜಿ ಇವೆಲ್ಲಕ್ಕೂ ಈಗ ಕಂಪ್ಯೂಟರು ಬೇಕು. ಹಳ್ಳಿಯ ಸಹಕಾರ ಸಂಘದಲ್ಲಿಯೂ ಗ್ರಂಥಾಲಯದಲ್ಲಿಯೂ ಒಂದೊಂದು ಯಂತ್ರವಿರುವುದುಂಟು. ನಿಮ್ಮ ಸಂಘದ ಯಂತ್ರ ವಿಂಡೋಸ್ 10ರಿಂದ ನಡೆಯುವುದಾದರೆ ಈ ಸಂಗತಿಯನ್ನು ಗಮನಿಸಿರಿ. ಅದಕ್ಕೆ ಮೈಕ್ರೋಸಾಫ್ಟ್ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ರಕ್ಷಣಾ ಸೌಲಭ್ಯವಿರಬೇಕು. ಹಳೆಯ ಯಂತ್ರಗಳಲ್ಲಿ ಹಲವಕ್ಕೆ ಅದಿಲ್ಲ. ಹಾಗೆಂದು ಚೆನ್ನಾಗಿರುವ ಯಂತ್ರವನ್ನು ಮೂಲೆಗೆ ಹಾಕಿ, ಸದಸ್ಯರ ಹಣದಿಂದ ಹೊಸದನ್ನು ಕೊಳ್ಳಬೇಕೆ? ಅದಕ್ಕೆ ಮೊದಲು ಇನ್ನೊಂದು ದಾರಿಯನ್ನು ತಿಳಿಯಿರಿ.

ಆಪರೇಟಿಂಗ್ ಸಿಸ್ಟಂ ಎಂದರೇನು?

ಗಾಡಿ ಇದೆ, ಎತ್ತುಗಳಿವೆ, ಹೇರೂ ಇದೆ. ಆದರೆ ಹೊಡೆಯುವವನಿಲ್ಲದಿದ್ದರೆ ಗಾಡಿ ಸಂತೆ ಸೇರದು. ಕಂಪ್ಯೂಟರಿನ ಭಾಗಗಳನ್ನೆಲ್ಲ ಹಿಡಿದು ನಡೆಸುವ ಈ ಕೆಲಸವೇ ಆಪರೇಟಿಂಗ್ ಸಿಸ್ಟಮ್ಮಿನದು. ವಿಂಡೋಸ್ ಅಂಥದೊಂದು. ಲಿನಕ್ಸ್ ಮತ್ತೊಂದು.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವರು 1983ರಲ್ಲಿ ಎಲ್ಲರೂ ಹಂಚಿಕೊಳ್ಳಬಹುದಾದ ತಂತ್ರಾಂಶವನ್ನು ರಚಿಸುವ 'ಗ್ನೂ' ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಬರೆದು ಹೊರಬಿಟ್ಟರು. ಎರಡೂ ಕೂಡಿ ಪೂರ್ಣ ವ್ಯವಸ್ಥೆಯಾಯಿತು. ಇದು ನಿಮಗೆ ತೀರ ಹೊಸದೇನಲ್ಲ. ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನು ನಡೆಯುವುದೂ ಲಿನಕ್ಸಿನ ತಿರುಳಿನಿಂದಲೇ.

ಇದರ ಪ್ರಯೋಜನಗಳು

1. ಹಕ್ಕು ನಿಮ್ಮದು. ಕಣಜದಲ್ಲಿಟ್ಟ ರಾಗಿ ಬೀಜವನ್ನು ನೀವು ಬಿತ್ತಬಹುದು, ನೆರೆಯವನಿಗೆ ಕೊಡಬಹುದು, ಒಳ್ಳೆಯ ತೆನೆ ಆರಿಸಿ ಉತ್ತಮಪಡಿಸಬಹುದು. ಮುಕ್ತ ತಂತ್ರಾಂಶವೂ ಹಾಗೆಯೇ. ಬಳಸಲು, ಒಳಗೇನಿದೆಯೆಂದು ನೋಡಲು, ತಿದ್ದಲು, ಹಂಚಲು ಅದರ ಪರವಾನಗಿಯೇ ಅನುಮತಿ ಕೊಡುತ್ತದೆ. ಕಳ್ಳ ಪ್ರತಿಯ ಭಯವಿಲ್ಲ.

2. ಖರ್ಚು ಕಡಿಮೆ. ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಮೊದಲಾದುವನ್ನು ಬೆಲೆಯಿಲ್ಲದೆ ಪಡೆಯಬಹುದು. ಪತ್ರ ಮತ್ತು ಲೆಕ್ಕದ ಪಟ್ಟಿಗಳಿಗೆ ಲಿಬ್ರೆ ಆಫೀಸ್ ಇದೆ, ಅದಕ್ಕೂ ಬೆಲೆಯಿಲ್ಲ.

3. ಹಳೆಯ ಯಂತ್ರಕ್ಕೆ ಮರುಜೀವ. ಲಿನಕ್ಸ್ ಮಿಂಟಿಗೆ 2 ಜಿ.ಬಿ. ಮೆಮೊರಿ ಇದ್ದರೂ ನಡೆದೀತು, 4 ಜಿ.ಬಿ. ಇದ್ದರೆ ಸರಾಗ.

4. ವೈರಸ್ ಕಾಟ ಕಡಿಮೆ. ಪೆನ್‌ಡ್ರೈವ್‌ನಿಂದ ಹರಡುವ ವೈರಸ್‌ಗಳಲ್ಲಿ ಹೆಚ್ಚಿನವು ವಿಂಡೋಸ್‌ಗೆಂದು ಬರೆದವು. ಆದರೂ ಎಚ್ಚರಿಕೆ ಬಿಡಬಾರದು. ಹೊಸ ತಿದ್ದುಪಡಿಗಳನ್ನು ಕಾಲಕಾಲಕ್ಕೆ ಹಾಕಿಕೊಳ್ಳಬೇಕು.

5. ಕನ್ನಡಕ್ಕೆ ಅನುಕೂಲ. ಕಗಪ ಕೀಲಿಮಣೆ ಇದರಲ್ಲಿ ದೊರೆಯುತ್ತದೆ. ನುಡಿಯಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯಬೇಕಾಗಿಲ್ಲ.

ನೆರೆಯ ಕೇರಳದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳು ಹಲವು ವರ್ಷಗಳಿಂದ ಇಂಥ ತಂತ್ರಾಂಶದಲ್ಲಿಯೇ ಕಲಿಯುತ್ತಿದ್ದಾರೆ.

ತೊಡಕುಗಳೂ ಉಂಟು

ವಿಂಡೋಸ್‌ಗೆಂದೇ ಮಾಡಿದ ಲೆಕ್ಕದ ತಂತ್ರಾಂಶವು ಇದರಲ್ಲಿ ನಡೆಯದೆ ಹೋಗಬಹುದು. ಹಾಲಿನ ಕೊಬ್ಬು ಅಳೆಯುವ ಯಂತ್ರ, ಹೆಬ್ಬೆಟ್ಟಿನ ಉಪಕರಣ, ಹಳೆಯ ಪ್ರಿಂಟರ್ ಹೊಂದದಿರಬಹುದು. ಹಳೆಯ ನುಡಿ ಅಥವಾ ಬರಹದಲ್ಲಿ ಯೂನಿಕೋಡ್ ಅಲ್ಲದೆ ಬರೆದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಬೆಲೆಯಿಲ್ಲವೆಂದರೆ ಶ್ರಮವಿಲ್ಲವೆಂದಲ್ಲ, ಕಲಿಯಲು ಕೆಲವು ದಿನ ಬೇಕು, ಹಾಕಿಕೊಡುವವರಿಗೆ ಕೂಲಿ ಕೊಡಬೇಕಾದೀತು.

ಮಾಡತಕ್ಕ ಕ್ರಮ

ಮೊದಲು ಸಂಘದ ಲೆಕ್ಕಪತ್ರಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ ಭದ್ರವಾಗಿಡಿರಿ. ಬಳಿಕ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದಲೇ ಯಂತ್ರವನ್ನು ಚಾಲೂ ಮಾಡಿರಿ. ಹೀಗೆ ಮಾಡಿದರೆ ಒಳಗಿನ ವಿಂಡೋಸ್ ಅಳಿಯುವುದಿಲ್ಲ. ಪ್ರಿಂಟರ್, ಇಂಟರ್ನೆಟ್, ಕನ್ನಡ ಬೆರಳಚ್ಚು, ಸಂಘದ ನಿತ್ಯದ ಕೆಲಸ ಇವನ್ನು ಒಂದೊಂದಾಗಿ ಪರೀಕ್ಷಿಸಿರಿ. ಎಲ್ಲವೂ ಸರಿಬಂದರೆ ಮಾತ್ರ ಯಂತ್ರದಲ್ಲಿ ಸ್ಥಾಪಿಸಿರಿ. ಲೆಕ್ಕದ ತಂತ್ರಾಂಶ ಹೊಂದದಿದ್ದರೆ ಆ ಯಂತ್ರವನ್ನು ಗ್ರಂಥಾಲಯಕ್ಕೋ ಶಾಲೆಗೋ ಕೊಡಬಹುದು. ಅಲ್ಲಿ ಮಕ್ಕಳ ಓದಿಗೆ ಒದಗೀತು.

ಹೊಸ ತಳಿಯನ್ನು ಜಾಣ ರೈತನು ಮೊದಲು ಒಂದು ಮಡಿಯಲ್ಲಿ ಬಿತ್ತಿ ನೋಡುತ್ತಾನೆ. ಹಾಗೆಯೇ ಇದನ್ನೂ ಒಂದು ಯಂತ್ರದಲ್ಲಿ ಪರೀಕ್ಷಿಸಿರಿ. ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಹೊಸ ಕಂಪ್ಯೂಟರಿನ ಮಾತು ಬಂದರೆ, ಹಣ ಮಂಜೂರು ಮಾಡುವ ಮೊದಲು ಈ ವಿಷಯವನ್ನು ಎತ್ತಿ ಕೇಳುವುದು ಪ್ರತಿ ಸದಸ್ಯನ ಕರ್ತವ್ಯ.